ಗಾಳಿಯ ಲೆಕ್ಕ

(ಬಾನುಲಿ ಭಾಷಣದ ಬರಹರೂಪ)

ಆಷಾಢದ ಗಾಳಿ ಬೀಸತೊಡಗಿತೆಂದರೆ ನಮ್ಮ ತ್ಯಾಗರಾಜನಗರದ ತಾರಸಿಗಳ ಮೇಲೆಲ್ಲ ಗಾಳಿಪಟಗಳು ಏಳುತ್ತಿದ್ದ ಕಾಲವೊಂದಿತ್ತು. ಈಗ ತಾರಸಿಗಳನ್ನು ನೀರಿನ ತೊಟ್ಟಿಗಳೂ ಬಿಸಿಲಿನಿಂದ ನೀರು ಕಾಯಿಸುವ ಪೆಟ್ಟಿಗೆಗಳೂ ಆಕ್ರಮಿಸಿಕೊಂಡಿವೆ. ಪಟ ಹಾರಿಸುವ ಮಕ್ಕಳು ವಿರಳ. ಆದರೂ ಗಾಳಿಯೊಡನೆ ಆಡುವ ಆಸೆ ಎಳೆಯರಲ್ಲಿ ಬತ್ತಿಹೋಗಿಲ್ಲ. ಪಟವನ್ನು ಮೇಲಕ್ಕೆತ್ತುವ ಗಾಳಿಯಿಂದಲೇ ಮೋಟಾರು ಗಾಡಿಯೊಂದನ್ನು ನೆಲಕ್ಕೆ ಒತ್ತಿ ಹಿಡಿಸಬಹುದೆ ಎಂದು ಲೆಕ್ಕ ಹಾಕುವ ಹುಡುಗ ಹುಡುಗಿಯರನ್ನು ನಾನು ನಮ್ಮ ಬೀದಿಯಲ್ಲಿಯೇ ಕಂಡೆ. ಅವರ ಕೆಲಸದ ವಿಚಾರವನ್ನೂ, ಅದರಿಂದ ನಾನು ಕಲಿತುಕೊಂಡ ಪಾಠವೊಂದನ್ನೂ ಕೇಳುಗರ ಮುಂದಿಡುವುದು ಈ ಹೊತ್ತಿನ ನನ್ನ ಉದ್ದೇಶ.

ನಾನು ಮೂವತ್ತು ವರ್ಷಗಳಿಗೂ ಮೀರಿ ಗಾಳಿಸುರಂಗವೊಂದರ ಪಕ್ಕದಲ್ಲಿ ದುಡಿದು ನಿವೃತ್ತನಾದವನು. ಗಾಳಿಸುರಂಗವೆಂದರೆ ಬೇರೇನಲ್ಲ; ವಿಮಾನವು ಗಾಳಿಯಲ್ಲಿ ಓಡುವ ಬದಲು, ನಿಲ್ಲಿಸಿ ಕಟ್ಟಿದ ವಿಮಾನದ ಮಾದರಿಯ ಮೇಲೆ ಗಾಳಿಯನ್ನೇ ಓಡಿಸುವ ದೊಡ್ಡ ಕೊಳವೆ. ಎನ್.ಆರ್. ಕಾಲೊನಿಗೆ ತಾಗಿಕೊಂಡಿರುವ ನಮ್ಮ ಬೀದಿಯಲ್ಲಿ ಎದುರು ಮನೆಯ ಹುಡುಗ ಎಂಜಿನಿಯರಿಂಗಿನ ಮೂರನೆಯ ವರ್ಷದಲ್ಲಿ ಓದುತ್ತಿದ್ದ. ಒಂದು ಸಂಜೆ ಅವರ ಕಾರ್ ಷೆಡ್ಡಿನಿಂದ ಅಂಟಿನ ಘಾಟು ಬೀದಿಗೆಲ್ಲ ಹರಡಿತು. ಏನೆಂದು ನೋಡಲು ಹೋದೆ. ಆರೇಳು ಮಂದಿ ವಿದ್ಯಾರ್ಥಿಗಳು ನೆಲದ ಮೇಲೆ ಕುಳಿತು, ಕಪ್ಪು ನೂಲಿನ ಬಟ್ಟೆಯಂತಹ ಕಾರ್ಬನ್ ಎಳೆಯ ಹಾಸನ್ನು ಅಚ್ಚಿನ ಮೇಲೆ ಹರಡಿ ಅಂಟು ಬಳಿಯುತ್ತಿದ್ದರು. ಅಚ್ಚಿನ ಆಕಾರ ನನಗೆ ಚಿರಪರಿಚಿತ. ಅದು ರೆಕ್ಕೆ. ಆದರೆ ತಲೆಕೆಳಗಾದ ರೆಕ್ಕೆ.

“ಇದೇನಪ್ಪ, ವಿಮಾನ ಮಾಡುತ್ತಿದ್ದೀರಾ?” ಎಂದೆ.

“ಇಲ್ಲ ಅಂಕಲ್, ಕಾರು. ಬ್ಯಾಟರಿಯ ರೇಸ್ ಕಾರು,” ಎಂದ ಹುಡುಗ.

ಇಂತಹ ಸ್ಪರ್ಧೆಗಳ ಹಿನ್ನೆಲೆಯನ್ನು ಮೊದಲು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳೇ ವಿನ್ಯಾಸ ಮಾಡಿ, ತಾವೇ ಕಟ್ಟಿ, ತಾವೇ ಓಡಿಸುವ ಒಂಟಿ ಆಸನದ, ತೆರೆದ ಚಕ್ರಗಳ ಕಾರುಗಳ ಪಂದ್ಯ 1981ರಲ್ಲಿ ಅಮೆರಿಕದ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ‘ಫಾರ್ಮುಲಾ ಎಸ್.ಎ.ಇ.’ ಎಂಬ ಹೆಸರಿನಿಂದ ನಡೆಯಿತು. ಅದು ಬೇರೆ ದೇಶಗಳಿಗೆ ಹರಡಿ, 2010ರಲ್ಲಿ ಜರ್ಮನಿಯಲ್ಲಿ ವಿದ್ಯುತ್ ಕಾರುಗಳಿಗೆಂದೇ ಪ್ರತ್ಯೇಕ ವರ್ಗ ಏರ್ಪಟ್ಟಿತು. ನಮ್ಮ ದೇಶದಲ್ಲಿ ‘ಫಾರ್ಮುಲಾ ಭಾರತ್’ ಎಂಬ ಪಂದ್ಯ ಕೊಯಮತ್ತೂರಿನ ಬಳಿಯ ಕಾರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆದುಬಂದಿದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಈ ಹುಚ್ಚು ಹತ್ತಿ ಬಹುಕಾಲವಾಯಿತು. ಆರ್.ವಿ. ಕಾಲೇಜಿನ ‘ಅಶ್ವ’ ತಂಡ ಹುಟ್ಟಿದ್ದು 2003ರಲ್ಲಿ, ಬಿ.ಎಂ.ಎಸ್., ಪಿ.ಇ.ಎಸ್. ಮೊದಲಾದ ಕಡೆಗಳಲ್ಲಿಯೂ ತಂಡಗಳು ಎದ್ದಿವೆ. ನಮ್ಮ ಎದುರು ಮನೆಯ ತಂಡ ಯಾವ ಕಾಲೇಜಿನದೆಂದು ಹೇಳುವುದು ಇಲ್ಲಿ ಅನಾವಶ್ಯಕ.

ಪಂದ್ಯದಲ್ಲಿ ಒಟ್ಟು 1000 ಅಂಕಗಳು. ವೇಗವೊಂದೇ ಇಲ್ಲಿ ಮುಖ್ಯವಲ್ಲ. ನೇರ ದಾರಿಯಲ್ಲಿ 75 ಮೀಟರ್ ಓಡುವುದು, ಎಂಟು ಎಂಬ ಇಂಗ್ಲಿಷ್ ಅಂಕೆಯ ಆಕಾರದಲ್ಲಿ ಸುತ್ತುವುದು, ತಿರುವುಮುರುವಿನ ದಾರಿಯಲ್ಲಿ ಒಂದು ಸುತ್ತು ಬರುವುದು, ಕೊನೆಗೆ ಸುಮಾರು 22 ಕಿಲೋಮೀಟರುಗಳ ದೀರ್ಘ ಓಟ. ಇವುಗಳ ಜೊತೆಗೆ ತೀರ್ಪುಗಾರರ ಮುಂದೆ ನಿಂತು, ಪ್ರತಿಯೊಂದು ಭಾಗವನ್ನು ಏಕೆ ಹೀಗೆಯೇ ಮಾಡಿದೆವೆಂದು ಸಮರ್ಥಿಸಿಕೊಳ್ಳಬೇಕು. ಆ ಪರೀಕ್ಷೆಗೂ ಅಂಕಗಳುಂಟು. ಹಾದಿಯನ್ನು ಬೇಕೆಂದೇ ವಕ್ರವಾಗಿ ಹಾಕಿರುತ್ತಾರೆ. ಆದುದರಿಂದ ಈ ಕಾರುಗಳು ಗಂಟೆಗೆ 50–60 ಕಿಲೋಮೀಟರುಗಳ ಆಸುಪಾಸಿನಲ್ಲಿಯೇ ಹೆಚ್ಚು ಹೊತ್ತು ಓಡುತ್ತವೆ. ನಮ್ಮ ಹೊರವರ್ತುಲ ರಸ್ತೆಯಲ್ಲಿ ನಡುರಾತ್ರಿ ಲಾರಿಗಳು ಇದಕ್ಕಿಂತ ಜೋರಾಗಿ ಹೋಗುತ್ತವೆ!

ಇಷ್ಟು ಕೇಳಿದ ಮೇಲೆ ನಾನು ನಕ್ಕುಬಿಟ್ಟೆ. ಗಂಟೆಗೆ 800 ಕಿಲೋಮೀಟರ್ ಹಾರುವ ವಿಮಾನಗಳ ರೆಕ್ಕೆಯನ್ನು ನೋಡಿ ಹಳಗಾದ ಕಣ್ಣು ನನ್ನದು. “ನೋಡಿ ಮಕ್ಕಳೆ, ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗವಾಗುತ್ತದೆ. ಈ ಆಮೆಯ ನಡಿಗೆಗೆ ರೆಕ್ಕೆ ಕಟ್ಟುವುದು ಬರಿಯ ಅಲಂಕಾರ. ಬಿಚ್ಚಿಟ್ಟು ಕಾರನ್ನು ಹಗುರ ಮಾಡಿಕೊಳ್ಳಿ,” ಎಂದು ಉಪದೇಶ ಮಾಡಿ ಬಂದೆ. ವಯಸ್ಸಾದವರ ಉಪದೇಶ ಬಹುಮಟ್ಟಿಗೆ ಹೀಗೆಯೇ ಇರುತ್ತದೆ. ತತ್ತ್ವ ಸರಿಯಾಗಿರುತ್ತದೆ, ಲೆಕ್ಕ ಹಾಕಿರುವುದಿಲ್ಲ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ತಂಡದ ಒಬ್ಬ ಹುಡುಗಿ ಒಂದು ಕಾಗದ ಹಿಡಿದು ನಮ್ಮ ಮನೆಗೆ ಬಂದಳು. ವಾಯುಗತಿಶಾಸ್ತ್ರದ ಭಾಗವೆಲ್ಲ ಅವಳದೇ ಹೊಣೆಯಂತೆ. “ಸರ್, ನೀವು ಹೇಳಿದ್ದನ್ನು ಲೆಕ್ಕ ಮಾಡಿ ನೋಡಿದೆ. ಒಂದು ಸಲ ನೋಡ್ತೀರಾ?” ಎಂದಳು. ಆ ಕಾಗದದಲ್ಲಿದ್ದುದನ್ನು ಕೇಳುಗರಿಗೂ ವಿವರಿಸುತ್ತೇನೆ. ಏಕೆಂದರೆ ಈ ಭಾಷಣದ ತಿರುಳೆಲ್ಲ ಅದರಲ್ಲಿಯೇ ಇದೆ.

ತಿರುವಿನಲ್ಲಿ ಓಡುವ ಕಾರನ್ನು ಹಾದಿಯಲ್ಲಿ ಹಿಡಿದಿಡುವುದು ಯಾವುದು? ನಾಲ್ಕು ಟೈರುಗಳು ನೆಲವನ್ನು ಕಚ್ಚುವ ಹಿಡಿತ. ಆ ಹಿಡಿತ ಹೆಚ್ಚಬೇಕಾದರೆ ಟೈರನ್ನು ನೆಲಕ್ಕೆ ಹೆಚ್ಚು ಬಲವಾಗಿ ಒತ್ತಬೇಕು. ಉತ್ತ ಹೊಲವನ್ನು ಸಮ ಮಾಡುವಾಗ ನಮ್ಮ ರೈತ ಎಳೆಯುವ ಹಲಗೆಯ ಮೇಲೆ ತಾನೇ ಏರಿ ನಿಲ್ಲುವುದಿಲ್ಲವೆ? ಹಾಗೆಯೇ ಇದೂ. ಹಾಗಾದರೆ ಕಾರಿಗೆ ಕಲ್ಲುಚೀಲ ಹೇರಿದರೆ ಸಾಲದೆ? ಸಾಲದು. ಚೀಲದ ಭಾರ ಟೈರನ್ನು ಒತ್ತುತ್ತದೆ, ನಿಜ. ಆದರೆ ತಿರುವಿನಲ್ಲಿ ಆ ಚೀಲವೂ ಹೊರಕ್ಕೆ ಹೋಗಲು ಹವಣಿಸುತ್ತದೆ. ಅದನ್ನು ತಿರುಗಿಸಲೆಂದೇ ಸಿಕ್ಕ ಹಿಡಿತವೆಲ್ಲ ಖರ್ಚಾಗುತ್ತದೆ. ಬಲಗೈಯಿಂದ ಕೊಟ್ಟು ಎಡಗೈಯಿಂದ ಕಿತ್ತುಕೊಂಡಂತೆ. ಗಾಳಿಯ ಒತ್ತು ಹಾಗಲ್ಲ. ಅದಕ್ಕೆ ಭಾರವುಂಟು, ದ್ರವ್ಯವಿಲ್ಲ. ಒತ್ತುತ್ತದೆ, ಆದರೆ ತಿರುವಿನಲ್ಲಿ ತನಗಾಗಿ ಏನನ್ನೂ ಕೇಳುವುದಿಲ್ಲ. ಹುಡುಗರು ಇದನ್ನು ‘ಡೌನ್‌ಫೋರ್ಸ್’ ಎನ್ನುತ್ತಾರೆ. ನಾನು ಕೆಳಒತ್ತು ಎಂದು ಕರೆಯುತ್ತೇನೆ.

ಅವರ ಕಾರು, ಓಡಿಸುವವನೂ ಸೇರಿ, ಸುಮಾರು 300 ಕಿಲೋ. ಅವರು ಗುರಿಯಿಟ್ಟ ರೆಕ್ಕೆಗಳಿಂದ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಿಗುವ ಕೆಳಒತ್ತು 17 ಕಿಲೋ ಭಾರಕ್ಕೆ ಸಮ. 60ರಲ್ಲಿ 39 ಕಿಲೋ. 80ರಲ್ಲಿ 70 ಕಿಲೋ, ಎಂದರೆ ಮತ್ತೊಬ್ಬ ಆಳು ಕಾರಿನ ಮೇಲೆ ಕುಳಿತಂತೆ. ಹಾದಿಯಲ್ಲಿ 20 ಮೀಟರ್ ತ್ರಿಜ್ಯದ ಒಂದು ತಿರುವಿದೆಯೆನ್ನಿ. ರೆಕ್ಕೆಯಿಲ್ಲದ ಕಾರು ಅದನ್ನು 60 ಕಿಲೋಮೀಟರ್ ವೇಗದಲ್ಲಿ ದಾಟಿದರೆ ರೆಕ್ಕೆಯುಳ್ಳದ್ದು 64ರಲ್ಲಿ ದಾಟುತ್ತದೆ. ಎಂಟರ ಆಕಾರದ ಪಂದ್ಯದಲ್ಲಿ ಸುತ್ತಿನ ತ್ರಿಜ್ಯ ಸುಮಾರು 9 ಮೀಟರ್, ವೇಗ 40ರ ಸುತ್ತಮುತ್ತ. ಅಲ್ಲಿ ಕೂಡ ಒಂದು ಸುತ್ತಿಗೆ ತಗಲುವ ಐದು ಸೆಕೆಂಡುಗಳಲ್ಲಿ ಒಂದು ಸೆಕೆಂಡಿನ ಏಳನೆಯ ಒಂದು ಪಾಲು ಉಳಿಯುತ್ತದೆ. ಅಷ್ಟರಲ್ಲಿಯೇ ಹತ್ತು ತಂಡಗಳು ಹಿಂದುಮುಂದಾಗುವ ಪಂದ್ಯವಿದು.

ನಾನು ಮೂರು ಸಲ ಲೆಕ್ಕವನ್ನು ತಿದ್ದಲು ನೋಡಿದೆ. ತಪ್ಪಿರಲಿಲ್ಲ. ನಾನು ವೇಗವನ್ನು ವಿಮಾನಕ್ಕೆ ಹೋಲಿಸಿದ್ದೆ. ಆದರೆ ಭಾರವನ್ನು ಹೋಲಿಸುವುದನ್ನು ಮರೆತಿದ್ದೆ. ಇಷ್ಟು ಹಗುರವಾದ ಗಾಡಿಗೆ 39 ಕಿಲೋ ಅಲ್ಪವಲ್ಲ. “ಸರಿಯಮ್ಮ, ನಾನು ಸೋತೆ. ಕಾಫಿ ಕುಡಿ,” ಎಂದೆ. ನನ್ನಂತೆಯೇ ಯೋಚಿಸಿದವರು ಹೊರದೇಶಗಳಲ್ಲಿಯೂ ಬಹಳ ಮಂದಿ ಇದ್ದರೆಂದು ಆಮೇಲೆ ತಿಳಿಯಿತು. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ತಂಡ ಇಡೀ ಕಾರನ್ನೇ ನಿಲ್ಲಿಸಬಹುದಾದ ತಮ್ಮ ಗಾಳಿಸುರಂಗದಲ್ಲಿ ಅಳತೆ ಮಾಡಿ, 2006ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿತು. ಈ ವೇಗದಲ್ಲಿಯೂ ರೆಕ್ಕೆಗೆ ಬೆಲೆಯುಂಟು ಎಂಬುದನ್ನು ಹಲವರು ಒಪ್ಪಿದ್ದು ಅಂತಹ ಅಳತೆಗಳನ್ನು ಕಂಡ ಮೇಲೆಯೇ.

ತಲೆಕೆಳಗಾದ ರೆಕ್ಕೆ ಕೆಲಸ ಮಾಡುವ ಬಗೆ ಯಾರಿಗೂ ಹೊಸದಲ್ಲ. ಚಿಕ್ಕಂದಿನಲ್ಲಿ ಓಡುವ ಬಸ್ಸಿನ ಕಿಟಕಿಯಿಂದ ಕೈ ಹೊರಚಾಚಿ ಕಂಡಕ್ಟರರಿಂದ ಬೈಸಿಕೊಳ್ಳದವರು ಯಾರಿದ್ದಾರೆ? ಅಂಗೈಯ ಮುಂಭಾಗವನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಕೈ ಮೇಲೇಳುತ್ತದೆ. ಕೆಳಕ್ಕೆ ತಿರುಗಿಸಿದರೆ ಕೆಳಗಿಳಿಯುತ್ತದೆ. ಗಾಳಿಯನ್ನು ನಾವು ಯಾವ ಕಡೆಗೆ ಬಾಗಿಸುತ್ತೇವೆಯೋ ಅದರ ಎದುರು ದಿಕ್ಕಿಗೆ ಅದು ನಮ್ಮನ್ನು ತಳ್ಳುತ್ತದೆ. ಕಾರಿನ ರೆಕ್ಕೆ ಗಾಳಿಯನ್ನು ಮೇಲಕ್ಕೆ ಬಾಗಿಸುತ್ತದೆ. ಗಾಳಿ ಕಾರನ್ನು ಕೆಳಕ್ಕೆ ಒತ್ತುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹೆಚ್ಚಿನ ಕೆಲಸ ನಡೆಯುವುದು ಕಣ್ಣಿಗೆ ಕಾಣುವ ಮೇಲ್ಮೈಯಲ್ಲಿ ಅಲ್ಲ, ಕೆಳಮೈಯಲ್ಲಿ. ಅಲ್ಲಿ ಗಾಳಿ ರಭಸದಿಂದ ಹರಿದು ಒತ್ತಡ ಕುಸಿಯುತ್ತದೆ. ರೆಕ್ಕೆ ಕೆಳಕ್ಕೆ ಹೀರಲ್ಪಡುತ್ತದೆ. ಆ ಗಾಳಿ ಕೆಳಮೈಗೆ ಅಂಟಿಕೊಂಡೇ ಹರಿಯಬೇಕು. ಅಂಟು ಬಿಟ್ಟು ಸುಳಿಯಾಯಿತೆಂದರೆ ಒತ್ತು ಕುಸಿಯಿತು, ಎಳೆತ ಮಾತ್ರ ಹೆಚ್ಚಿತು.

ಪಂದ್ಯದ ಕಾರುಗಳಿಗೆ ಈ ವಿದ್ಯೆ ಬಂದ ಕಥೆಯೂ ಸ್ವಾರಸ್ಯವಾದುದೇ. 1956ರಲ್ಲಿ ಮೈಕೇಲ್ ಮೇ ಎಂಬ ಸ್ವಿಸ್ ತರುಣ ತನ್ನ ಪೋರ್ಷೆ ಕಾರಿನ ಮೇಲೆ ರೆಕ್ಕೆ ಕಟ್ಟಿ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ಗೆ ತಂದ. ಅಧಿಕಾರಿಗಳು ಅದನ್ನು ಬಿಚ್ಚಿಸಿದರು. 1966ರಲ್ಲಿ ಟೆಕ್ಸಾಸಿನ ಜಿಮ್ ಹಾಲ್ ತನ್ನ ‘ಚಾಪರಲ್’ ಕಾರಿನ ಹಿಂಬದಿಯಲ್ಲಿ ಎತ್ತರದ ಕಂಬಗಳ ಮೇಲೆ ರೆಕ್ಕೆ ನಿಲ್ಲಿಸಿದ. 1968ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೂ ರೆಕ್ಕೆ ಮೂಡಿದವು. ಮರುವರ್ಷ, 1969ರಲ್ಲಿ, ಬಾರ್ಸಿಲೋನಾದ ಮಾಂಟ್‌ಜೂಯಿಕ್ ಹಾದಿಯಲ್ಲಿ ಗ್ರಹಾಂ ಹಿಲ್ ಮತ್ತು ಯೋಕೆನ್ ರಿಂಟ್ ಓಡಿಸುತ್ತಿದ್ದ ಎರಡೂ ಲೋಟಸ್ ಕಾರುಗಳ ರೆಕ್ಕೆ ಮುರಿದು ಅಪಘಾತಗಳಾದವು, ರಿಂಟ್‌ಗೆ ಗಾಯವಾಯಿತು. ಅಲ್ಲಿಂದ ನಿಯಮಗಳು ಬಿಗಿಯಾದವು. ಮುಂದೆ 1977–78ರಲ್ಲಿ ಲೋಟಸ್ ಕಂಪನಿಯವರೇ ಕಾರಿನ ತಳವನ್ನೇ ರೆಕ್ಕೆಯಾಗಿಸಿ, ನೆಲಕ್ಕೂ ತಳಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿಯನ್ನು ಓಡಿಸಿ ಅಪಾರ ಒತ್ತನ್ನು ಪಡೆದರು. ಇಂದು ವಿದ್ಯಾರ್ಥಿಗಳ ಕಾರಿನಲ್ಲಿ ಕಾಣುವ ಮೂರು ಅಂಗಗಳು, ಎಂದರೆ ಮುಂದಿನ ರೆಕ್ಕೆ, ತಳದ ಹಾಸು, ಹಿಂದಿನ ರೆಕ್ಕೆ, ಈ ಪರಂಪರೆಯವೇ. ಬಾರ್ಸಿಲೋನಾದ ಪಾಠವೂ ಅವರ ನಿಯಮಪುಸ್ತಕದಲ್ಲಿದೆ. 225 ಚದರ ಸೆಂಟಿಮೀಟರ್ ಜಾಗದ ಮೇಲೆ 200 ನ್ಯೂಟನ್, ಸುಮಾರು 20 ಕಿಲೋ ಭಾರದಷ್ಟು, ಒತ್ತಿದರೆ ರೆಕ್ಕೆ 10 ಮಿಲಿಮೀಟರಿಗಿಂತ ಹೆಚ್ಚು ಬಾಗಕೂಡದು. ನಮ್ಮ ಮನೆಯ ಅಕ್ಕಿಯ ಚೀಲವೊಂದು ಈ ಪರೀಕ್ಷೆಗಾಗಿ ಎರಡು ದಿನ ಎದುರು ಮನೆಗೆ ಹೋಗಿ ಬಂತು.

ಇನ್ನು ಬೆಲೆಯ ಮಾತು. ಗಾಳಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ರೆಕ್ಕೆ ಕೆಳಕ್ಕೆ ಒತ್ತುವಾಗ ಹಿಂದಕ್ಕೂ ಎಳೆಯುತ್ತದೆ. ಪೆಟ್ರೋಲ್ ಕಾರಿನಲ್ಲಿ ಈ ಎಳೆತದ ಖರ್ಚನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ತೊಟ್ಟಿಗೆ ಇನ್ನೆರಡು ಲೀಟರ್ ಸುರಿದರಾಯಿತು. ವಿದ್ಯುತ್ ಕಾರಿನಲ್ಲಿ ಹಾಗಲ್ಲ; ಬ್ಯಾಟರಿ ದೊಡ್ಡದಾದಷ್ಟೂ ಕಾರು ಭಾರವಾಗುತ್ತದೆ. ನಮ್ಮ ಮನೆಗೆ ಬರುವ ಕರೆಂಟ್ ಬಿಲ್ಲಿನಲ್ಲಿ ‘ಯೂನಿಟ್’ ಎಂದಿರುತ್ತದಲ್ಲ, ಆ ಲೆಕ್ಕದಲ್ಲಿ ಹೇಳುವುದಾದರೆ ಇವರ ಬ್ಯಾಟರಿಯಲ್ಲಿ ತುಂಬುವುದು ಆರೂವರೆ ಯೂನಿಟ್. ಅಷ್ಟರಲ್ಲಿ 22 ಕಿಲೋಮೀಟರ್ ಓಡಿ ಮುಗಿಸಬೇಕು. ಕೊನೆಯ ಸುತ್ತಿನಲ್ಲಿ ಬ್ಯಾಟರಿ ಬರಿದಾಗಿ ನಿಂತರೆ ಅಷ್ಟು ಹೊತ್ತು ಓಡಿದ್ದೆಲ್ಲ ಬಹುಪಾಲು ವ್ಯರ್ಥ. ರೆಕ್ಕೆಗಳ ಹೆಚ್ಚಿನ ಎಳೆತ 60 ಕಿಲೋಮೀಟರ್ ವೇಗದಲ್ಲಿ ಸುಮಾರು 8 ಕಿಲೋ ಭಾರದಷ್ಟು ಎಂದು ಅವರ ಲೆಕ್ಕ. ಅದನ್ನು 22 ಕಿಲೋಮೀಟರ್ ದೂಡಿಕೊಂಡು ಹೋಗಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಆರೂವರೆಯಲ್ಲಿ ಅರ್ಧ! ರೆಕ್ಕೆಯನ್ನು ದೊಡ್ಡದು ಮಾಡುತ್ತ ಹೋದರೆ ತಿರುವಿನಲ್ಲಿ ಗಳಿಸಿದ್ದನ್ನು ಬ್ಯಾಟರಿಯಲ್ಲಿ ಕಳೆದುಕೊಳ್ಳಬೇಕಾಗುತ್ತದೆ.

ಇದರ ಮೇಲೆ ಮತ್ತೊಂದು ಹೊಣೆ. ಬ್ಯಾಟರಿಯ ಕೋಶಗಳು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಕೂಡದೆಂಬ ನಿಯಮವಿದೆ. ಆ ಬಿಸಿಯನ್ನು ಹೊತ್ತು ಹೋಗುವುದೂ ಗಾಳಿಯೇ. ಅದಕ್ಕಾಗಿ ಕಾರಿನ ಮೈಯಲ್ಲಿ ಬಾಯಿ ತೆರೆಯಬೇಕು. ಬಾಯಿ ತೆರೆದಷ್ಟೂ ಎಳೆತ ಹೆಚ್ಚು. ಹೀಗೆ ಒತ್ತು, ಎಳೆತ, ಭಾರ, ಬಿಸಿ ಇವು ನಾಲ್ಕೂ ಒಂದೇ ಮನೆಯ ನಾಲ್ವರು ಸೊಸೆಯರಂತೆ. ಒಬ್ಬಳನ್ನು ಮೆಚ್ಚಿಸಿದರೆ ಇನ್ನೊಬ್ಬಳ ಮುಖ ಬಾಡುತ್ತದೆ. ವಿನ್ಯಾಸವೆಂದರೆ ಈ ನಾಲ್ವರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಉಣಬಡಿಸುವ ಜಾಣತನ.

ನಮ್ಮ ನಗರಕ್ಕೆ ಗಾಳಿಸುರಂಗಗಳ ಬರವಿಲ್ಲ. ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಪ್ರಾರಂಭವಾದದ್ದು 1942ರಲ್ಲಿ; ಅಲ್ಲಿ 14 ಅಡಿಗೆ 9 ಅಡಿಯ ದೊಡ್ಡ ಸುರಂಗವೊಂದಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಬೆಂಗಳೂರಿಗೆ ಬಂದ ಹೊಸತರಲ್ಲಿ ಮೈಸೂರು ಮಹಾರಾಜರ ಅರಮನೆಯ ಕುದುರೆ ಲಾಯದಲ್ಲಿ ಬೀಡುಬಿಟ್ಟಿತ್ತು. ಅದೇ ಸಂಸ್ಥೆ 1967ರ ಹೊತ್ತಿಗೆ ಶಬ್ದಕ್ಕಿಂತ ಹಲವು ಪಟ್ಟು ವೇಗದ ಗಾಳಿಯನ್ನು ಹರಿಸುವ ಸುರಂಗವನ್ನು ನಡೆಸತೊಡಗಿತು. ಆದರೆ ಅಂತಹ ಸುರಂಗಗಳಿಗೆ ತಮ್ಮ ಕೆಲಸಗಳೇ ಸಾಲುಗಟ್ಟಿ ನಿಂತಿರುತ್ತವೆ. ವಿದ್ಯಾರ್ಥಿಗಳಿಗೆ ಹಣವೂ ಇಲ್ಲ, ಹೊತ್ತೂ ಇಲ್ಲ. ಅವರ ಸುರಂಗವೆಲ್ಲ ಕಂಪ್ಯೂಟರಿನ ಒಳಗೆ. ಕಾರಿನ ಸುತ್ತಲಿನ ಆಕಾಶವನ್ನು ಲಕ್ಷಾಂತರ ಪುಟ್ಟ ಗೂಡುಗಳಾಗಿ ಸೀಳಿ, ಒಂದೊಂದು ಗೂಡಿನಲ್ಲಿಯೂ ಗಾಳಿ ಹೇಗೆ ಹರಿಯುತ್ತದೆಂದು ಗುಣಿಸಿ ಕೂಡಿಸುವ ವಿಧಾನವದು. ರಾತ್ರಿ ಹಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಉತ್ತರ. ಉತ್ತರ ಬಣ್ಣ ಬಣ್ಣದ ಚಿತ್ರವಾಗಿ ಬರುತ್ತದೆ. ಅಂತಹ ಸೊಗಸಾದ ಚಿತ್ರವನ್ನು ಶಂಕಿಸುವುದು ಬಹಳ ಕಷ್ಟ.

ರೆಕ್ಕೆಗಳೆಲ್ಲ ಸಿದ್ಧವಾಗಿ ಕಾರಿಗೆ ಜೋಡಿಸಿದ ಮೇಲೆ, ಪಂದ್ಯಕ್ಕೆ ಮೂರು ವಾರಗಳಿರುವಾಗ, ನಗರದ ಹೊರಗಿನ ಒಂದು ಬಯಲು ಹಾದಿಯಲ್ಲಿ ಓಡಿಸಿ ನೋಡಿದರು. ನನ್ನನ್ನೂ ಕರೆದೊಯ್ದಿದ್ದರು. ನೇರ ದಾರಿಯಲ್ಲಿ ಎಲ್ಲವೂ ಚೆನ್ನಾಗಿತ್ತು. ವೇಗದ ತಿರುವಿಗೆ ಬಂದಾಗ ಹಿಂಭಾಗ ಇದ್ದಕ್ಕಿದ್ದಂತೆ ಜಾರಿ, ಕಾರು ಬುಗುರಿಯಂತೆ ಎರಡು ಸುತ್ತು ಸುತ್ತಿ ಹುಲ್ಲಿನ ಮೇಲೆ ನಿಂತಿತು. ಓಡಿಸುತ್ತಿದ್ದ ಎದುರು ಮನೆಯ ಹುಡುಗನಿಗೆ ಏನೂ ಆಗಲಿಲ್ಲ. ಆದರೆ ಶಿರಸ್ತ್ರಾಣ ತೆಗೆಯುವಾಗ ಅವನ ಕೈ ನಡುಗುತ್ತಿದ್ದುದನ್ನು ಕಂಡೆ. ಅವನ ತಾಯಿಗೆ ಏನು ಹೇಳಲಿ ಎಂಬ ಯೋಚನೆ ಆ ಕ್ಷಣದಲ್ಲಿ ನನ್ನನ್ನು ಹಿಡಿದುಬಿಟ್ಟಿತು.

ಕೆಳಒತ್ತನ್ನು ಅಳೆಯುವ ಸರಳ ಉಪಾಯವೊಂದಿದೆ. ಚಕ್ರಗಳ ಮೇಲಿನ ಸ್ಪ್ರಿಂಗುಗಳು ಎಷ್ಟು ಕುಗ್ಗಿದುವೆಂದು ಅಳೆದರೆ ಗಾಳಿ ಎಷ್ಟು ಒತ್ತಿತೆಂದು ತಿಳಿಯುತ್ತದೆ. ಕುಗ್ಗುವುದು ಮೂರು ಮಿಲಿಮೀಟರಿಗೂ ಕಡಿಮೆ. ಆದುದರಿಂದ ಬೀಸುಗಾಳಿಯ ಪ್ರಭಾವ ಕಳೆಯುವಂತೆ ಹೋಗುವಾಗಲೂ ಬರುವಾಗಲೂ ಹತ್ತಾರು ಸಲ ಅಳೆದು ಸರಾಸರಿ ತೆಗೆಯಬೇಕು. ಅಳೆದರು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಂಪ್ಯೂಟರ್ ಹೇಳಿದ್ದು 39 ಕಿಲೋ, ಸಿಕ್ಕಿದ್ದು 28.

“ಬೆಂಗಳೂರಿನ ಗಾಳಿ ತೆಳು ಅಲ್ವಾ ಅಂಕಲ್? ಕೊಯಮತ್ತೂರಿನಲ್ಲಿ ಸರಿಹೋಗುತ್ತೆ,” ಎಂದ ಒಬ್ಬ. ಮಾತಿನಲ್ಲಿ ಅರ್ಧ ಸತ್ಯವಿತ್ತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಕೊಯಮತ್ತೂರು ಸುಮಾರು 400 ಮೀಟರ್. ನಮ್ಮ ಗಾಳಿ ಅಲ್ಲಿಯದಕ್ಕಿಂತ ನೂರಕ್ಕೆ ನಾಲ್ಕು ಪಾಲಿನಷ್ಟು ತೆಳುವೇ ಸರಿ. ಆದರೆ ಅದರಿಂದ 39 ಎಂಬುದು 37 ಆಗಬಹುದೇ ಹೊರತು 28 ಆಗಲಾರದು. ಉಳಿದ ಒಂಬತ್ತು ಕಿಲೋ ಎಲ್ಲಿ ಹೋಯಿತು?

ನಾನು ನನ್ನ ಹಳೆಯ ವೃತ್ತಿಯ ಒಂದು ಮುದಿ ಉಪಾಯವನ್ನು ನೆನಪಿಸಿದೆ. ನನ್ನ ಮನೆಯಾಕೆ ಮೊಮ್ಮಗನಿಗೆ ಸ್ವೆಟರ್ ಹೆಣೆದು ಉಳಿಸಿದ್ದ ಕೆಂಪು ಉಣ್ಣೆಯನ್ನು ಬೆರಳುದ್ದದ ತುಂಡುಗಳಾಗಿ ಕತ್ತರಿಸಿ, ಹಿಂದಿನ ರೆಕ್ಕೆಯ ಕೆಳಮೈಗೆಲ್ಲ ಸಾಲು ಸಾಲಾಗಿ ಅಂಟಿಸಿದೆವು. ಎಳೆ ನೆಟ್ಟಗೆ ಹಿಂದಕ್ಕೆ ಮಲಗಿದರೆ ಗಾಳಿ ಮೈಗಂಟಿ ಹರಿಯುತ್ತಿದೆಯೆಂದು ಅರ್ಥ. ಎಳೆ ದಿಕ್ಕೆಟ್ಟು ಕುಣಿದರೆ ಗಾಳಿ ಅಂಟು ಬಿಟ್ಟಿದೆ. ಪುಟ್ಟ ಕ್ಯಾಮೆರಾ ಕಟ್ಟಿ ಓಡಿಸಿದರು. ಚಿತ್ರ ನೋಡಿದಾಗ ಎರಡನೆಯ ಅಲಗಿನ ಮೇಲಿನ ಎಳೆಗಳೆಲ್ಲ ಜಾತ್ರೆಯ ಕೋಲಾಟದಂತೆ ಕುಣಿಯುತ್ತಿದ್ದವು.

ಕಾರಣ ಹುಡುಕುವುದು ಆಮೇಲೆ ಕಷ್ಟವಾಗಲಿಲ್ಲ. ಹಿಂದಿನ ರೆಕ್ಕೆ ಒಂದೇ ತುಂಡಿನದಲ್ಲ. ಒಂದರ ಹಿಂದೊಂದು ಅಲಗುಗಳು, ನಡುವೆ ಕಿರಿದಾದ ಸಂದು. ಗಾಳಿಯನ್ನು ಒಮ್ಮೆಲೇ ಬಹಳ ಬಾಗಿಸಿದರೆ ಮೈಗೆ ತಾಗಿದ ತೆಳು ಪದರ ದಣಿದು ಕಳಚಿಕೊಳ್ಳುತ್ತದೆ. ಸಂದಿನಿಂದ ನುಗ್ಗುವ ಹೊಸ ಗಾಳಿ ಅದಕ್ಕೆ ಚೈತನ್ಯ ಕೊಡುತ್ತದೆ. ಮೊದಲ ಮಹಾಯುದ್ಧದ ಕೊನೆಯ ಸುಮಾರಿನಲ್ಲಿ ಜರ್ಮನಿಯ ಲಾಖ್‌ಮನ್ ಮತ್ತು ಇಂಗ್ಲೆಂಡಿನ ಹ್ಯಾಂಡ್ಲಿ ಪೇಜ್ ಬೇರೆ ಬೇರೆಯಾಗಿ ಕಂಡುಕೊಂಡ ತಂತ್ರವಿದು. ಆದರೆ ಸಂದಿನ ಅಳತೆ ಬಹಳ ನಾಜೂಕಿನದು. ನಕ್ಷೆಯಲ್ಲಿ 10 ಮಿಲಿಮೀಟರ್ ಇತ್ತು. ಅಳತೆಪಟ್ಟಿ ಹಿಡಿದು ನೋಡಿದರೆ ಕಾರಿನಲ್ಲಿ ಕೆಲವೆಡೆ 20. ಷೆಡ್ಡಿನಲ್ಲಿ ಕೈಯಿಂದ ಅಂಟು ಬಳಿದು ಅಚ್ಚು ತೆಗೆಯುವಾಗ ಅಲಗು ಸ್ವಲ್ಪ ತಿರುಚಿಕೊಂಡಿತ್ತು. ಬದಿಯ ಹಲಗೆಯ ತೂತುಗಳೂ ಜರುಗಿದ್ದವು. ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ಅದು ನಕ್ಷೆಯಲ್ಲಿದ್ದ ಕಾರಿನ ಉತ್ತರವನ್ನು ಹೇಳಿತ್ತು. ನೆಲದ ಮೇಲಿದ್ದುದು ಬೇರೆ ಕಾರು. ಹಿಂದಿನ ರೆಕ್ಕೆ ಸೋತು, ನೆಲಕ್ಕೆ ಹತ್ತಿರವಿದ್ದ ಮುಂದಿನ ರೆಕ್ಕೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದುದರಿಂದ ಮುಂಭಾಗ ನೆಲ ಕಚ್ಚಿ ಹಿಂಭಾಗ ಜಾರಿತ್ತು. ಕಾಣೆಯಾದ ಒಂಬತ್ತು ಕಿಲೋ ಆ ಹುಡುಗನ ಕೈ ನಡುಗಿಸಿತ್ತು.

ಎರಡು ರಾತ್ರಿ ಕುಳಿತು ಹೊಸ ತೂತು ಕೊರೆದು, ಅಲಗನ್ನು ನೇರ ಮಾಡಿ ಜೋಡಿಸಿದರು. ಉಣ್ಣೆಯ ಎಳೆಗಳು ಬಹುಮಟ್ಟಿಗೆ ತೆಪ್ಪಗೆ ಮಲಗಿದವು. ಮತ್ತೆ ಅಳೆದಾಗ 34 ಕಿಲೋ. ಕಾರು ಅದೇ ತಿರುವನ್ನು ಮರುಮಾತಿಲ್ಲದೆ ದಾಟಿತು.

ಈಗ ಪಂದ್ಯಕ್ಕೆ ವರದಿ ಬರೆಯುವ ಸಮಯ. ಷೆಡ್ಡಿನಲ್ಲಿ ಒಂದು ವಾದ ನಡೆಯಿತು. “39 ಅಂತಲೇ ಬರೆಯೋಣ. ಎಲ್ಲರೂ ಕಂಪ್ಯೂಟರ್ ಲೆಕ್ಕವನ್ನೇ ತೋರಿಸ್ತಾರೆ. 34 ಅಂತ ಬರೆದು ನಾವೇ ಯಾಕೆ ಅಂಕ ಕಳ್ಕೋಬೇಕು?” ಎಂಬುದು ಕೆಲವರ ಮಾತು. ಹುಡುಗಿ ನನ್ನ ಮುಖ ನೋಡಿದಳು. ನಾನು ಮಾತನಾಡಲಿಲ್ಲ, ಒಮ್ಮೆ ಲೆಕ್ಕವಿಲ್ಲದ ಉಪದೇಶ ಮಾಡಿ ನಾಚಿಕೊಂಡಿದ್ದೆ. ಕೊನೆಗೆ ಮಾತಾಡಿದವನು ಕಾರು ಓಡಿಸುವ ಹುಡುಗ. “ಒಳಗೆ ಕೂತ್ಕೊಳ್ಳೋನು ನಾನು. ನನಗೆ ಬೇಕಾಗಿರೋದು ನಿಜವಾದ ಸಂಖ್ಯೆ. ಎರಡನ್ನೂ ಬರೀರಿ,” ಎಂದ. ಎರಡನ್ನೂ ಬರೆದರು, ಮೊದಲು ಸಿಕ್ಕ 28ನ್ನೂ, ಸಂದಿನ ತಪ್ಪನ್ನೂ, ಕೆಂಪು ಉಣ್ಣೆಯ ಚಿತ್ರವನ್ನೂ ಸೇರಿಸಿದರು.

ಕೊಯಮತ್ತೂರಿನಲ್ಲಿ ತೀರ್ಪುಗಾರರೊಬ್ಬರು ಬಣ್ಣದ ಚಿತ್ರಗಳ ಹಾಳೆಗಳನ್ನು ಸರಸರನೆ ಮಗುಚಿ, ಉಣ್ಣೆಯ ಹಾಳೆಗೆ ಬಂದಾಗ ನಿಂತು ಬಹಳ ಹೊತ್ತು ಪ್ರಶ್ನೆ ಕೇಳಿದರಂತೆ. ಬಹುಮಾನದ ಮಾತನ್ನು ನಾನು ಹೇಳಲಾರೆ. ಅದು ಇಲ್ಲಿ ಮುಖ್ಯವೂ ಅಲ್ಲ. ಕಾರು 22 ಕಿಲೋಮೀಟರುಗಳನ್ನೂ ಓಡಿ ಮುಗಿಸಿದಾಗ ಬ್ಯಾಟರಿಯಲ್ಲಿ ಇನ್ನೂ ಸ್ವಲ್ಪ ಉಳಿದಿತ್ತೆಂದು ಹುಡುಗಿ ಅದೇ ರಾತ್ರಿ ಫೋನ್ ಮಾಡಿ ತಿಳಿಸಿದಳು. ಆ ಸುದ್ದಿ ನನಗೆ ಸಾಕಾಗಿತ್ತು.

ವಿದ್ಯಾರ್ಥಿಗಳ ಇಂತಹ ಆಟಗಳಿಂದ ದೇಶಕ್ಕೇನು ಎಂದು ಯಾರಾದರೂ ಕೇಳಬಹುದು. ಬೆಂಗಳೂರಿನ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದಾಗ ಬಿಸಿಲಿನಿಂದ ಓಡುವ ‘ಸನ್‌ರನ್ನರ್’ ಕಾರಿನ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಪಂದ್ಯವನ್ನು ಗೆದ್ದು, ಅದೇ ವರ್ಷ ಆಸ್ಟ್ರೇಲಿಯದ ಪಂದ್ಯದಲ್ಲಿ ಮೂರನೆಯದಾಗಿ ಬಂತು. ಹನ್ನೊಂದು ವರ್ಷಗಳ ಅನಂತರ, 2001ರಲ್ಲಿ, ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಿಂದಲೇ ರಸ್ತೆಗಿಳಿಯಿತು. ಬಿತ್ತಿದ ಬೀಜವೆಲ್ಲ ಮರವಾಗುವುದಿಲ್ಲ. ಆದರೆ ಮರವಾದುದೆಲ್ಲ ಒಮ್ಮೆ ಬಿತ್ತಿದ ಬೀಜವೇ.

ಈಗಲೂ ಆಷಾಢ ಬಂದಾಗ ನಮ್ಮ ತಾರಸಿಗೆ ಹೋಗಿ ನಿಲ್ಲುತ್ತೇನೆ. ಪಟಗಳಿಲ್ಲ, ಆದರೆ ಎದುರು ಮನೆಯ ಷೆಡ್ಡಿನಲ್ಲಿ ದೀಪ ಉರಿಯುತ್ತಿರುತ್ತದೆ, ಅಂಟಿನ ಘಾಟು ಬರುತ್ತಿರುತ್ತದೆ. ಮುಂದಿನ ವರ್ಷದ ರೆಕ್ಕೆಗೆ ಹೊಸ ಹುಡುಗರು ಕೈಹಾಕಿದ್ದಾರೆ. ಗಾಳಿ ಎಲ್ಲರ ಮೇಲೆಯೂ ಒಂದೇ ಸಮನೆ ಬೀಸುತ್ತದೆ. ಅದರಿಂದ ಎಷ್ಟು ಸಿಕ್ಕಿತೆಂದು ಅಳೆದು, ಅಳೆದುದನ್ನೇ ಬರೆದಿಡುವವರಿಗೆ ಅದು ಕೆಲಸ ಮಾಡಿಕೊಡುತ್ತದೆ. ಕೆಂಪು ಉಣ್ಣೆಯ ಉಂಡೆಯನ್ನು ನನ್ನ ಮನೆಯಾಕೆ ಈ ಸಲ ತಾನಾಗಿಯೇ ತೆಗೆದಿಟ್ಟಿದ್ದಾಳೆ.